ಭಾವನ ಹೊಟ್ಟೆ, ಡೀಫಾಲ್ಟ್ ಹದಿನೆಂಟು

ಭಾವ ಸಿಟ್ಟು ಬಂದರೆ ಕೂಗುವವರಲ್ಲ, ಮಾತು ಬಿಡುವವರು. ಸ್ವಂತ ತಮ್ಮನ ಜೊತೆ ಮಾತು ಬಿಟ್ಟು ಎಷ್ಟು ಕಾಲವಾಯಿತೆಂದರೆ, ಆಗ ತೊಟ್ಟಿಲಲ್ಲಿದ್ದ ತಮ್ಮನ ಮಗಳಿಗೆ ಈಗ ಲಾರಿ ಓಡಿಸುವ ಲೈಸೆನ್ಸ್ ಸಿಕ್ಕಿದೆ. ತಮ್ಮ ಮಾಡಿದ ತಪ್ಪು ಇಷ್ಟೇ: ಎಲ್ಲರೂ ಊಟಕ್ಕೆ ಕೂತಿದ್ದಾಗ, “ಅಣ್ಣಾ, ಬೆಲ್ಟಿಗೆ ಇನ್ನೊಂದು ತೂತು ಹಾಕಿಸ್ಕೊಳ್ಳೋ” ಎಂದುಬಿಟ್ಟ. ಇನ್ನೊಮ್ಮೆ ಫೋಟೊ ತೆಗೆಯುವವನೊಬ್ಬ “ಸಾರ್, ಸ್ವಲ್ಪ ಒಳಗೆಳ್ಕೊಳ್ಳಿ” ಎಂದ. ಅಂದಿನಿಂದ ಭಾವ ಅವನ ಅಂಗಡಿ ಇರುವ ಬೀದಿಯಲ್ಲೇ ನಡೆದಿಲ್ಲ, ಎಲ್ಲಿಗೆ ಹೋಗಬೇಕಾದರೂ ಸುತ್ತು ಹಾಕುತ್ತಾರೆ. ಮನೆಯಲ್ಲಿ ಒಂದು ಬೆತ್ತದ ಕುರ್ಚಿ ಇತ್ತು. ಭಾವ ಕೂತಾಗ ಮುರಿಯಿತು. ಅದರ ಜೊತೆಗೂ ಮಾತು ಬಿಟ್ಟಿದ್ದಾರೆ ಎಂದು ಅಕ್ಕ ಹೇಳುತ್ತಾಳೆ. ಅದಕ್ಕೆ ಮೊದಲು ಕುರ್ಚಿಯ ಜೊತೆ ಮಾತಾಡುತ್ತಿದ್ದರೇ ಎಂದು ಯಾರೂ ಕೇಳಿಲ್ಲ.

ಅಕ್ಕ ಎಂದರೆ ಭಾವನ ಹೆಂಡತಿ. ಅವಳ ತಂಗಿ, ಅಂದರೆ ಭಾವನ ನಾದಿನಿ, ಅವರ ಹೆಣಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಕಾರ್ಖಾನೆ ಎಂಬುದು ಭಾವ ಇಟ್ಟ ಹೆಸರು. ಬಸ್ ಡಿಪೋದ ಎದುರಿನ ಕಟ್ಟಡದ ನೆಲಮಹಡಿಯಲ್ಲಿ, ರೈಲಿನ ಬೋಗಿಯಂತೆ ಉದ್ದಕ್ಕಿರುವ ಒಂದು ಕೋಣೆ ಅದು. ಗೋಡೆಯುದ್ದಕ್ಕೂ ನೂಲಿನ ಉಂಡೆಗಳ ಹಲಗೆ, ನಡುವೆ ಮುದಿ ಹೆಣಿಗೆ ಯಂತ್ರ, ಅದರ ಪಕ್ಕ ಇನ್ನೂ ಮುದಿಯಾದ ಕಂಪ್ಯೂಟರ್, ಕಿಟಕಿಯ ಬಳಿ ಕಾಲರು ಗುಂಡಿ ಹೊಲಿಯುವ ಅಕ್ಕ. ಯಂತ್ರ ಓಡಬೇಕಾದರೆ ಇಬ್ಬರು ಬೇಕು. ಒಬ್ಬರು ಪರದೆ ನೋಡುತ್ತ ಸಾಲು ಕೂಗಬೇಕು, ಇನ್ನೊಬ್ಬರು ಸೂಜಿಗಳ ಮೇಲೆ ಕಣ್ಣಿಟ್ಟು ನೂಲು ಬದಲಿಸಬೇಕು, ಹೆಣೆದ ಬಟ್ಟೆ ಕೆಳಗಿಳಿಯುವಂತೆ ತೂಕ ನೇತುಹಾಕಬೇಕು. “ನೂಲು!” “ಹಾಕ್ದೆ!” “ತೂಕ!” “ತಡೀರಿ ಭಾವ, ಕೈ ಎರಡೇ ಇರೋದು!” ಬೆಳಗಿನಿಂದ ಸಂಜೆವರೆಗೆ ಇದೇ. ನಡುನಡುವೆ ಡಿಪೋದವರ ಬಗ್ಗೆ, ಪಕ್ಕದ ಮನೆಯ ಬೆಕ್ಕಿನ ಬಗ್ಗೆ, ಜಗತ್ತು ಕೆಟ್ಟುಹೋಗಿರುವುದರ ಬಗ್ಗೆ ಒಂದಿಷ್ಟು. ಈ ಹರಟೆ ಇಲ್ಲದ ಕೆಲಸವನ್ನು ನಾದಿನಿ ಒಮ್ಮೆ ಬೇರೆ ಕಡೆ ಮಾಡಿ ನೋಡಿದ್ದಳು. ವಾರ ಮುಗಿಯುವುದರೊಳಗೆ ವಾಪಸ್ ಬಂದಿದ್ದಳು.

ಎಲ್ಲವೂ ಶುರುವಾದದ್ದು ಡಿಪೋದಿಂದ. ಚಾಲಕರಿಗೆಲ್ಲ ಸ್ವೆಟರ್ ಬೇಕೆಂದು ಡಿಪೋದ ಮೇಲ್ವಿಚಾರಕ ಕೇಳಿದ. ಹೆಣೆದು ಕೊಟ್ಟರು. ಚಾಲಕರು ಹಾಕಿಕೊಂಡು ಬಸ್ಸಿನಲ್ಲಿ ಕೂತರು. ಕೂತ ಕೂಡಲೇ ಸ್ವೆಟರಿನ ಮುಂಭಾಗ ರಂಗದ ಪರದೆಯ ಹಾಗೆ ಮೇಲಕ್ಕೆ ಹೋಯಿತು. ವರ್ಷಾನುಗಟ್ಟಲೆ ಕೂತೇ ದುಡಿದವರಿಗೆ ಹೊಟ್ಟೆ ಇರುತ್ತದೆ, ಆ ಹೊಟ್ಟೆ ಬಟ್ಟೆಯನ್ನು ತಿನ್ನುತ್ತದೆ, ಕೆಳಗೆ ಬಟ್ಟೆ ಸಾಲದೆ ಬರುತ್ತದೆ. ಇದಕ್ಕೆ ಹಳೆಯ ಮದ್ದಿದೆ. ಮುಂಭಾಗದ ನಡುವೆ, ಅಂಚಿನವರೆಗೆ ಹೋಗದ ಕೆಲವು ಅರೆಸಾಲುಗಳನ್ನು ಹೆಚ್ಚಿಗೆ ಹೆಣೆದರೆ ಅಲ್ಲಿ ಬಟ್ಟೆ ಬಟ್ಟಲಿನಂತೆ ಉಬ್ಬುತ್ತದೆ, ಹೊಟ್ಟೆ ಅದರೊಳಗೆ ತೆಪ್ಪಗೆ ಕೂರುತ್ತದೆ. ಕೈಯಲ್ಲಿ ಹೆಣೆಯುವವರಿಗೆ ಇದು ನೀರು ಕುಡಿದಷ್ಟು ಸುಲಭ. ಆದರೆ ಇವರ ಯಂತ್ರವನ್ನು ನಡೆಸುವ ಸಾಫ್ಟ್‌ವೇರಿಗೆ ಅರೆಸಾಲು ಎಂದರೆ ಆಗುತ್ತಿರಲಿಲ್ಲ. ಒಂದು ಅರೆಸಾಲು ಹೆಣೆದರೆ ಸಾಕು, ತಾನೆಲ್ಲಿದ್ದೆ ಎಂಬುದನ್ನೇ ಮರೆತು, ಮದುವೆಮನೆಯಲ್ಲಿ ಚಪ್ಪಲಿ ಕಳೆದುಕೊಂಡವನಂತೆ ಅತ್ತಿತ್ತ ಓಡಾಡುತ್ತಿತ್ತು.

ಆ ಸಾಫ್ಟ್‌ವೇರ್ ಯಾರೊಬ್ಬರದೂ ಅಲ್ಲ, ಓಪನ್ ಸೋರ್ಸ್. ಅದರ ಕೋಡ್ ಎಲ್ಲರ ಕಣ್ಣೆದುರಿಗೇ ಇದೆ. ಯಾರು ಬೇಕಾದರೂ ನಕಲು ಇಳಿಸಿಕೊಂಡು ತಮಗೆ ಬೇಕಾದಂತೆ ತಿದ್ದಬಹುದು. ತಿದ್ದಿದ್ದು ಮೂಲಕ್ಕೆ ಸೇರಿ ಎಲ್ಲರಿಗೂ ಸಿಗಬೇಕಾದರೆ ಮಾತ್ರ ಅದನ್ನು ಯೋಜನೆಯ ಹಿರಿಯರ ಮುಂದಿಡಬೇಕು. ಅವರು ಸಾಲುಸಾಲು ಓದಿ, ತಕರಾರು ಬರೆದು, ತಿದ್ದಿಸಿ, ಒಪ್ಪಿಗೆ ಕೊಡಬೇಕು. ಇದಕ್ಕೆ ರಿವ್ಯೂ ಎನ್ನುತ್ತಾರೆ. ಹೆಣ್ಣು ನೋಡಲು ಬಂದವರು ಹೆಣ್ಣಿನ ಹಲ್ಲು, ನಡಿಗೆ, ಅಜ್ಜಿಯ ಊರು ಎಲ್ಲವನ್ನೂ ವಿಚಾರಿಸಿದಂತೆ.

ನಾದಿನಿ ಸಂಜೆ ಕಾಲೇಜಿನಲ್ಲಿ ಕೋಡ್ ಬರೆಯುವುದನ್ನು ಕಲಿತವಳು. ನಕಲು ಇಳಿಸಿಕೊಂಡು ದೋಷ ಹುಡುಕಿದಳು. ಸಿಕ್ಕಿತು, ಸರಿಮಾಡಿದಳು. ಜೊತೆಗೆ, ಎಷ್ಟು ಅರೆಸಾಲು ಬೇಕೆಂದು ಹೇಳಲು ಒಂದು ಸಂಖ್ಯೆಯನ್ನೂ ಸೇರಿಸಿದಳು. ಆ ಸಂಖ್ಯೆಗೆ ಒಂದು ಅಳತೆ ಬೇಕಲ್ಲ? ಚಾಲಕರೆಲ್ಲ ರಸ್ತೆಯ ಮೇಲಿದ್ದರು. ಕೋಣೆಯಲ್ಲಿ ಭಾವ ಊಟ ಮುಗಿಸಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಎಚ್ಚರವಿದ್ದಾಗ ಟೇಪು ಕಂಡರೆ ಭಾವ ಉಸಿರು ಒಳಗೆಳೆದುಕೊಳ್ಳುತ್ತಾರೆ. ನಿದ್ದೆಯಲ್ಲಿದ್ದವರ ಹೊಟ್ಟೆ ಸುಳ್ಳು ಹೇಳುವುದಿಲ್ಲ. ಅಳೆದಳು. ಹದಿನೆಂಟು ಸಾಲು ಬಂತು. ಕೋಡಿನಲ್ಲಿ ಆ ಸಂಖ್ಯೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಭಾವನ ಹೊಟ್ಟೆ’ ಎಂದು ಹೆಸರಿಟ್ಟಳು. ಅಕ್ಕನಿಗೆ ತೋರಿಸಿದಳು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಕುರ್ಚಿಯಲ್ಲಿ ಭಾವ ಮಗ್ಗುಲು ಬದಲಿಸಿದರು.

ಇದನ್ನು ಊರಿಗೆಲ್ಲ ತೋರಿಸುವಷ್ಟು ದಡ್ಡಿಯಲ್ಲ ಅವಳು. ಇಂಥ ಕೆಲಸದಲ್ಲಿ ಒಂದೇ ಕೋಡನ್ನು ಬೇರೆಬೇರೆ ಕವಲುಗಳಾಗಿ ಇಟ್ಟುಕೊಳ್ಳಬಹುದು, ಒಂದರಲ್ಲಿ ಮಾಡಿದ್ದು ಇನ್ನೊಂದಕ್ಕೆ ತಾಕುವುದಿಲ್ಲ. ಅವಳು ಎರಡು ಕವಲು ಮಾಡಿಕೊಂಡಿದ್ದಳು. ಒಂದರ ಹೆಸರು ‘ಮನೆ’, ಅದರಲ್ಲಿ ಭಾವನ ಹೊಟ್ಟೆ. ಇನ್ನೊಂದು ‘ಊರು’, ಅದರಲ್ಲಿ ‘ಮುಂಭಾಗದ ಹೆಚ್ಚುವರಿ ಸಾಲುಗಳು’ ಎಂಬ, ಸ್ನಾನ ಮಾಡಿ ತಲೆ ಬಾಚಿಕೊಂಡ ಹೆಸರು. ತನ್ನ ಲ್ಯಾಪ್‌ಟಾಪಿನಲ್ಲಿ ರಿವ್ಯೂಗೆ ಕಳಿಸುವ ಪುಟ ತೆರೆದಳು. ಯಾವ ಕವಲು ಎಂದು ಕೇಳಿತು. ಅಷ್ಟರಲ್ಲಿ ಭಾವ “ನೂಲು!” ಎಂದು ಕೂಗಿದರು. ಅವಳು ಒಂದು ಕೈ ನೂಲಿನ ಕಡೆ ಚಾಚಿ ಇನ್ನೊಂದರಲ್ಲಿ ಒತ್ತಿದಳು. ಒತ್ತಿದ್ದು ‘ಮನೆ’.

ರಿವ್ಯೂ ಮಾಡಲು ಬಂದವರಿಗೆ ಹೆಸರಿರಲಿಲ್ಲ, ಮುಖವಿರಲಿಲ್ಲ. ಮುಖದ ಜಾಗದಲ್ಲಿ ಒಂದು ಮುಳ್ಳುಹಂದಿಯ ಚಿತ್ರವಿತ್ತು. ಗಂಡೋ ಹೆಣ್ಣೋ, ಯಾವ ದೇಶವೋ ಯಾರಿಗೂ ಗೊತ್ತಿಲ್ಲ. ಅಲ್ಲಿನ ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ ನಡೆಯುವಂಥದ್ದು. ಮುಳ್ಳುಹಂದಿ ಬರೆಯಿತು: “ಕೊಡುಗೆಗೆ ಧನ್ಯವಾದ. ಇಲ್ಲಿ ಎರಡು ಸ್ಪೇಸ್ ಇದೆ, ಒಂದು ಸಾಕು.” ತಿದ್ದಿದಳು. “ಈ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಇದೆ.” ಕಣ್ಣಿಗೆ ಕಾಣದ್ದು ನಿನಗೆ ಹೇಗೆ ಕಂಡಿತು ಎಂದು ಕೇಳಬೇಕೆನಿಸಿತು, ಕೇಳದೆ ತಿದ್ದಿದಳು. “ಇದಕ್ಕೆ ಪರೀಕ್ಷೆ ಎಲ್ಲಿ?” ಪರೀಕ್ಷೆ ಬರೆದಳು. “ಪರೀಕ್ಷೆಯಲ್ಲಿ ಎರಡು ಸ್ಪೇಸ್ ಇದೆ.” ಹೀಗೆ ಒಂದು ವಾರ ಸುಲಿದ ಮೇಲೆ ಮುಳ್ಳುಹಂದಿ ಕೇಳಿತು: “ಭಾವನ ಹೊಟ್ಟೆ ಎಂದರೇನು?”

ಆಗಲೇ ಅವಳಿಗೆ ತಾನು ಕಳಿಸಿದ್ದು ಯಾವ ಕವಲೆಂದು ತಿಳಿದದ್ದು. ಸೂಜಿಗಳ ಹತ್ತಿರ ನಿಂತಿದ್ದ ಭಾವನನ್ನು ಒಮ್ಮೆ ನೋಡಿದಳು. ಬರೆದಳು: “ನಮ್ಮ ಭಾಷೆಯ ಮಾತು. ಮುಂಭಾಗದ ನಡುವಿನ ಉಬ್ಬಿಗೆ ಹೇಳುತ್ತೇವೆ. ಈಗಲೇ ಬದಲಿಸಿ ಸರಳ ಹೆಸರಿಡುತ್ತೇನೆ.”

ಮುಳ್ಳುಹಂದಿಯ ಉತ್ತರ: “ಬೇಡ. ಬಹಳ ಸೊಗಸಾಗಿದೆ. ಕಸುಬಿನವರ ಮಾತು ಕಸುಬಿನವರದೇ ಆಗಿರಲಿ. ಅಲ್ಲದೆ ಈಗ ಹೆಸರು ಬದಲಿಸಿದರೆ ರಿವ್ಯೂ ಮೊದಲಿನಿಂದ ಮಾಡಬೇಕಾಗುತ್ತದೆ.”

ಮೊದಲಿನಿಂದ ಎಂಬ ಮಾತು ಓದಿ ಅವಳು ಹೆಸರು ಬದಲಿಸುವ ಯೋಚನೆ ಬಿಟ್ಟಳು. ಯಾರು ನೋಡುತ್ತಾರೆ ಬಿಡು, ಕೋಡಿನ ಹೊಟ್ಟೆಯೊಳಗೆ ಎಲ್ಲೋ ಇರುತ್ತದೆ ಎಂದುಕೊಂಡು ಸುಮ್ಮನಾದಳು. ಒಪ್ಪಿಗೆಯಾಯಿತು, ಮೂಲಕ್ಕೆ ಸೇರಿತು. ಮುಳ್ಳುಹಂದಿ ಒಂದು ಉಪಕಾರವನ್ನೂ ಮಾಡಿತು: ಇಷ್ಟು ಒಳ್ಳೆಯ ಸೌಲಭ್ಯ ಕೋಡಿನೊಳಗೆ ಅಡಗಿರಬಾರದೆಂದು, ಮುಂದಿನ ಆವೃತ್ತಿಯಲ್ಲಿ ಅದನ್ನು ಪರದೆಯ ಮೇಲೆಯೇ, ದಪ್ಪ ಅಕ್ಷರದಲ್ಲಿ, ಅಳತೆಗಳ ಸಾಲಿನಲ್ಲಿ ಮೊದಲನೆಯದಾಗಿ ಕೂರಿಸಿತು. ‘ಭಾವನ ಹೊಟ್ಟೆ: 18’.

ಆಮೇಲೆ ಜಗತ್ತಿನಲ್ಲಿ ಆದದ್ದನ್ನು ನಂಬುವವರು ನಂಬಬಹುದು. ಹೊಟ್ಟೆ ಎಂಬುದು ಎಲ್ಲ ದೇಶದಲ್ಲೂ ಇರುವಂಥದ್ದು, ಅದಕ್ಕೊಂದು ಮರ್ಯಾದೆಯ ಹೆಸರು ಮಾತ್ರ ಯಾರ ಬಳಿಯೂ ಇರಲಿಲ್ಲ. ಹೆಣಿಗೆಯವರು ಸೇರುವ ಜಾಲತಾಣದಲ್ಲಿ ಒಬ್ಬರು “ನನ್ನ ಭಾವನ ಹೊಟ್ಟೆ ಇಪ್ಪತ್ತೆರಡು, ನಿಮ್ಮದು?” ಎಂದು ಕೇಳಿದರು. ಗರ್ಭಿಣಿಯೊಬ್ಬಳು “ಏಳನೇ ತಿಂಗಳು, ಭಾವನ ಹೊಟ್ಟೆ ಮೂವತ್ತು, ಹೆಮ್ಮೆಯಾಗುತ್ತಿದೆ” ಎಂದು ಬರೆದಳು. ಅಜ್ಜನೊಬ್ಬ ತನ್ನ ಬೇಟೆನಾಯಿಗೆ ಸ್ವೆಟರ್ ಹೆಣೆದು, ನಾಯಿಯ ಹೊಟ್ಟೆ ಒಳಕ್ಕಿದೆ, ಭಾವನ ಹೊಟ್ಟೆ ಮೈನಸ್ ಆಗಬಹುದೇ ಎಂದು ವಿಚಾರಿಸಿದ. ಮುಳ್ಳುಹಂದಿ ಯೋಚಿಸಿ, ಆಗಬಹುದು ಎಂದು ಕೋಡಿನಲ್ಲಿ ಅದಕ್ಕೂ ಅವಕಾಶ ಮಾಡಿತು. ಎಲ್ಲೋ ಒಂದು ಮೀನುಗಾರರ ದ್ವೀಪದಲ್ಲಿ ಹಡಗಿಗೆ ಹೊಸಬರನ್ನು ಸೇರಿಸಿಕೊಳ್ಳುವಾಗ ಹೆಸರು, ವಯಸ್ಸು, ಭಾವನ ಹೊಟ್ಟೆ ಎಂದು ಮೂರೇ ಪ್ರಶ್ನೆ ಕೇಳುತ್ತಾರಂತೆ.

ನಾದಿನಿ ಇದನ್ನೆಲ್ಲ ಓದಿ, ಹೆಸರು ಬದಲಿಸುವ ಹೊಸ ತಿದ್ದುಪಡಿಯೊಂದನ್ನು ಕಳಿಸಿದಳು. ಮುಳ್ಳುಹಂದಿ ಬರೆಯಿತು: “ಇಷ್ಟು ಜನರ ವಿನ್ಯಾಸಗಳಲ್ಲಿ ಈ ಹೆಸರು ಸೇರಿಹೋಗಿದೆ. ಬದಲಿಸಿದರೆ ಎಲ್ಲರ ಸ್ವೆಟರೂ ಅರ್ಧಕ್ಕೆ ನಿಲ್ಲುತ್ತದೆ. ಬದಲಿಸಲು ಕಾರಣವೇನು?”

ಅವಳು ನಿಜವನ್ನೇ ಬರೆದಳು: “ನನ್ನ ಭಾವ ಓದುತ್ತಾರೆ.”

“ಇದು ತಾಂತ್ರಿಕ ಕಾರಣವಲ್ಲ” ಎಂದು ಮುಳ್ಳುಹಂದಿ ತಿದ್ದುಪಡಿಯನ್ನು ಮುಚ್ಚಿತು.

ಉಳಿದಿದ್ದು ಒಂದೇ ದಾರಿ. ಕಾರ್ಖಾನೆಯ ಕಂಪ್ಯೂಟರಿನಲ್ಲಿ ಅವಳ ‘ಮನೆ’ ಕವಲೇ ಓಡುತ್ತಿತ್ತು, ಅದರಲ್ಲಿ ಹೆಸರು ಪರದೆಗೆ ಬರುತ್ತಿರಲಿಲ್ಲ. ಅಲ್ಲಿಗೆ ಹೊಸ ಆವೃತ್ತಿ ಬಾರದಂತೆ ನೋಡಿಕೊಳ್ಳಬೇಕು, ಅಷ್ಟೆ. ಆದರೆ ಪರದೆಯ ಮೂಲೆಯಲ್ಲಿ ‘ಹೊಸ ಆವೃತ್ತಿ ಸಿದ್ಧ’ ಎಂಬ ಹಳದಿ ಡಬ್ಬಿಯೊಂದು ಕಣ್ಣು ಮಿಟುಕಿಸುತ್ತ ಕೂತಿತ್ತು.

“ಇದನ್ನ ಒತ್ಲಾ?” ಎಂದು ಭಾವ ದಿನಕ್ಕೊಮ್ಮೆ ಕೇಳುವರು.

“ಬೇಡಿ ಭಾವ. ಹೊಸದು ಸರಿಯಿಲ್ಲ.”

“ಹೊಸದು ಯಾವತ್ತು ಸರಿ ಇತ್ತು ಹೇಳು. ಆದ್ರೂ ಕಣ್ಣು ಹೊಡೀತಾ ಇದೆಯಲ್ಲೇ ಇದು!”

“ಹೊಡೀಲಿ ಬಿಡಿ. ನೀವು ಆ ಕಡೆ ನೋಡ್ಬೇಡಿ.”

ಒಂದು ದಿನ ನಾದಿನಿ ಹಲ್ಲಿನ ಡಾಕ್ಟರ ಹತ್ತಿರ ಹೋದಳು. ಅರ್ಧ ಬಾಯಿ ಮರಗಟ್ಟಿಸಿಕೊಂಡು ವಾಪಸ್ ಬಂದಾಗ ಮೂಲೆಯಲ್ಲಿ ಹಳದಿ ಡಬ್ಬಿ ಇರಲಿಲ್ಲ. ಭಾವ ಪರದೆಯ ಮುಂದೆ ಕೈಕಟ್ಟಿ ಕೂತಿದ್ದರು.

“ಇದೇನು?” ಎಂದರು.

“ಯಾವ್ದು ಭಾವ?”

“ಇದು. ಭಾವನ ಹೊಟ್ಟೆ.”

“ಓ, ಅದಾ. ಅದು ಸಾಫ್ಟ್‌ವೇರಿಂದು. ಅವ್ರೇ ಇಟ್ಟಿರೋದು.”

“ಅವ್ರಿಗೆ ಕನ್ನಡ ಬರತ್ತಾ?”

ಅವಳು ಮರಗಟ್ಟಿದ ಕೆನ್ನೆಯನ್ನು ಮುಟ್ಟಿ ನೋಡಿಕೊಂಡಳು. ಕಿಟಕಿಯ ಬಳಿ ಅಕ್ಕ ಇದ್ದಕ್ಕಿದ್ದಂತೆ ಗುಂಡಿ ಹುಡುಕತೊಡಗಿದಳು.

“ಯಾರ ಭಾವ?” ಎಂದರು ಭಾವ.

“ಯಾರೋ ಒಬ್ರು. ಪ್ರಪಂಚದಲ್ಲಿ ಎಷ್ಟು ಜನ ಭಾವಂದಿರಿಲ್ಲ?”

“ನಿನಗೆ ಎಷ್ಟು ಜನ?”

“…ಒಬ್ರು.”

“ಹದಿನೆಂಟು ಅಂತಿದೆ.”

“ಅದು ಡೀಫಾಲ್ಟ್ ಭಾವ. ಅಂದ್ರೆ, ಯಾರೂ ಏನೂ ಹೇಳ್ದೇ ಇದ್ರೆ ಅಷ್ಟು ಅಂತ.”

“ಯಾರೂ ಏನೂ ಹೇಳ್ದೇ ಇದ್ರೆ,” ಎಂದರು ಭಾವ, ಒಂದೊಂದೇ ಪದವನ್ನು ಕೆಳಗಿಡುತ್ತ, “ನಂದು ಹದಿನೆಂಟು.”

ಅಲ್ಲಿಗೆ ಭಾವ ಅವಳ ಜೊತೆಗೂ ಮಾತು ಬಿಟ್ಟರು.

ಮೊದಲ ದಿನ ಇದು ತಮಾಷೆಯಾಗಿ ಕಂಡಿತು. ವಾರ ಕಳೆಯಿತು. ಯಂತ್ರದ ಎರಡು ಬದಿಗೆ ಇಬ್ಬರು, ನಡುವೆ ಸೂಜಿಗಳ ಮೇಲೆ ಚರ್ರೆಂದು ಹೋಗಿಬರುವ ಯಂತ್ರದ ಗಾಡಿ, ಬೇರೆ ಸದ್ದಿಲ್ಲ. ಮಾತೆಲ್ಲ ಅಕ್ಕನ ಮೂಲಕ ಸುತ್ತಿ ಬರಬೇಕು.

“ಅಕ್ಕ, ನೀಲಿ ನೂಲು ಎಲ್ಲಿಟ್ಟಿದಾರೆ ಕೇಳು.”

“ರೀ, ನೀಲಿ ನೂಲು ಎಲ್ಲಿ ಅಂತೆ.”

“ಕಣ್ಣಿದ್ದವ್ರಿಗೆ ಕಾಣತ್ತೆ ಅಂತ ಹೇಳು.”

“ಕಣ್ಣಿದ್ದವ್ರಿಗೆ ಕಾಣತ್ತಂತೆ ಕಣೇ. ನಾನೇನು ನಿಮ್ಮಿಬ್ರ ಟಪಾಲು ಪೆಟ್ಟಿಗೆನಾ? ಗುಂಡಿ ಹೊಲೀಬೇಕು ನಾನು!”

ಅಕ್ಕ ಗುಂಡಿ ಹೊಲಿಯುವಾಗ ಟಪಾಲು ನಿಂತುಹೋಗುತ್ತಿತ್ತು. ಹಾಗೆ ನಿಂತ ಒಂದು ಮಧ್ಯಾಹ್ನ ಸಾಲು ಕೂಗುವವರಿಲ್ಲದೆ ಒಂದು ತೋಳು ಬೆಳೆಯುತ್ತ ಹೋಯಿತು. ಡಿಪೋದ ಮೇಲ್ವಿಚಾರಕ ಅದನ್ನು ಮೇಜಿನ ಮೇಲೆ ಹಾಸಿ, ಇದನ್ನು ಹಾಕಿಕೊಂಡರೆ ಚಾಲಕ ತನ್ನ ಸೀಟಿನಿಂದ ಏಳದೆ ಹಿಂದಿನ ಬಾಗಿಲು ಮುಚ್ಚಬಹುದು ಎಂದ. ಹಿಂದಾಗಿದ್ದರೆ ಇಂಥ ಮಾತಿಗೆ ಭಾವ ಮತ್ತು ನಾದಿನಿ ಒಟ್ಟಿಗೇ ತಿರುಗಿಬಿದ್ದು ಅವನನ್ನು ಬಾಗಿಲವರೆಗೆ ಬೆನ್ನಟ್ಟುತ್ತಿದ್ದರು. ಈಗ ಇಬ್ಬರೂ ಬೇರೆಬೇರೆ ಗೋಡೆ ನೋಡಿದರು. ಮೇಲ್ವಿಚಾರಕನಿಗೇ ಬೇಜಾರಾಗಿ ಹೊರಟುಹೋದ. ಭಾವನ ತಮ್ಮನ ಮಗಳ ಲಾರಿ ಲೈಸೆನ್ಸನ್ನು ನಾದಿನಿ ನೆನೆದಳು. ತನಗೂ ಅಷ್ಟೇ ಕಾಲ ಹಿಡಿದರೆ, ಅಷ್ಟರಲ್ಲಿ ಯಂತ್ರ ತುಕ್ಕು ಹಿಡಿಯುತ್ತದೆ, ತಾನು ಇನ್ನಾವುದೋ ಮಾತಿಲ್ಲದ ಕೋಣೆಯಲ್ಲಿ ಕೂತಿರುತ್ತೇನೆ ಎಂದುಕೊಂಡಳು.

ಒಂದು ಬೆಳಿಗ್ಗೆ ಅವಳ ಲ್ಯಾಪ್‌ಟಾಪಿಗೆ ಸೂಚನೆ ಬಂತು. ಹೊಸಬರೊಬ್ಬರು ಯೋಜನೆಗೆ ಒಂದು ತಿದ್ದುಪಡಿ ಕಳಿಸಿದ್ದಾರೆ, ಆ ಸಾಲನ್ನು ಮೂಲತಃ ಬರೆದವರು ನೀವಾದ್ದರಿಂದ ರಿವ್ಯೂ ನಿಮ್ಮದು ಎಂದಿತ್ತು. ಹೊಸಬರ ಮುಖದ ಜಾಗದಲ್ಲಿ ನೂಲಿನ ಉಂಡೆಯ ಚಿತ್ರ. ಆ ಉಂಡೆಯ ಹಿಂದಿನ ಗೋಡೆಯ ಬಿರುಕನ್ನು ಅವಳು ಗುರುತಿಸಿದಳು, ತಲೆ ಎತ್ತಿದರೆ ಎದುರಿಗೇ ಕಾಣುತ್ತಿತ್ತು. ಬಿರುಕಿನ ಕೆಳಗೆ ಭಾವ ಸಿಕ್ಕಿಲ್ಲದ ನೂಲಿನ ಸಿಕ್ಕು ಬಿಡಿಸುತ್ತಿದ್ದರು.

ತಿದ್ದುಪಡಿ ಒಂದೇ ಸಾಲಿನದು: ಹದಿನೆಂಟು ಇದ್ದಲ್ಲಿ ಹನ್ನೆರಡು. ಅದರ ಮೇಲಿನ ವಿವರಣೆ ಮಾತ್ರ ಇಡೀ ಪುಟ. ಭಾವ ಇಂಗ್ಲಿಷಿನಲ್ಲಿ ಸಿಟ್ಟು ಮಾಡಿಕೊಂಡದ್ದು ಅದೇ ಮೊದಲು, ಕೋರ್ಟಿನ ನೋಟೀಸಿನ ಹಾಗಿತ್ತು. ಅದರ ಸಾರ: ಹೆಸರಿಗೆ ನನ್ನ ತಕರಾರಿಲ್ಲ. ಹೆಸರು ಅಂದಮೇಲೆ ಯಾರದಾದರೂ ಇರಲೇಬೇಕು, ನನ್ನದೇ ಆದದ್ದು ಸಂತೋಷ. ತಕರಾರಿರುವುದು ಸಂಖ್ಯೆಗೆ. ಸದರಿ ಹೊಟ್ಟೆಯನ್ನು ಸದರಿ ಹೊಟ್ಟೆಯ ಮಾಲೀಕರು ಖುದ್ದಾಗಿ, ಕನ್ನಡಿಯ ಮುಂದೆ, ಒಳ್ಳೆಯ ಬೆಳಕಿನಲ್ಲಿ ಅಳೆದಿದ್ದಾರೆ. ಹನ್ನೆರಡು.

ಕೆಳಗೆ ಮುಳ್ಳುಹಂದಿ ಆಗಲೇ ಬರೆದಿತ್ತು: “ಕುತೂಹಲಕರ. ಅಳತೆ ಉಸಿರು ಬಿಟ್ಟಾಗಲೋ, ಹಿಡಿದಾಗಲೋ? ಮೂಲ ಬರಹಗಾರರು ತೀರ್ಮಾನಿಸಲಿ.”

ನಾದಿನಿ ಕಿಟಕಿಯ ಬಳಿ ಹೋಗಿ ಅಕ್ಕನ ಕಿವಿಯಲ್ಲಿ ವಿಷಯ ಹೇಳಿದಳು.

“ಒಪ್ಕೊಂಡ್ಬಿಡೆ ಅತ್ಲಾಗೆ,” ಎಂದಳು ಅಕ್ಕ, ಸೂಜಿಗೆ ದಾರ ಪೋಣಿಸುತ್ತ. “ಹನ್ನೆರಡು ಅಂದ್ರೆ ಹನ್ನೆರಡು. ನಾಳೆಯಿಂದ ಮಾತಾಡ್ತಾರೆ.”

“ಒಪ್ಕೊಂಡ್ರೆ ಅಷ್ಟೂ ಜನಕ್ಕೆ ಸ್ವೆಟರ್ ಮೇಲೆ ಹೋಗತ್ತೆ ಅಕ್ಕ. ಎಷ್ಟೋ ಜನ ಆ ನಂಬರ್ ಮುಟ್ಟೋದೇ ಇಲ್ಲ, ಇದ್ದಿದ್ದನ್ನೇ ಹೆಣೀತಾರೆ.”

“ಹೋಗ್ಲಿ. ಚಳಿ ಆದ್ರೆ ಅವ್ರೇ ಕೆಳಗೆ ಎಳ್ಕೋತಾರೆ. ಪ್ರಪಂಚದ ಹೊಟ್ಟೆ ಎಲ್ಲ ಕಟ್ಕೊಂಡು ನಿನಗೇನಾಗಬೇಕು?”

“ಹದಿನೆಂಟು ಸರಿ ಅಂದ್ರೆ?”

“ನನ್ನ ಮಗಳಿಗೆ ಮೊಮ್ಮಗು ಹುಟ್ಟೋವರ್ಗೂ ನಾನೇ ಟಪಾಲು.”

ಅಕ್ಕನ ಮಗಳಿಗೆ ಇನ್ನೂ ಮದುವೆಯೇ ಆಗಿರಲಿಲ್ಲ.

ಅವಳು ವಾಪಸ್ ಬಂದು ಕೂತಳು. ಒಪ್ಪಿಗೆಯ ಹಸಿರು ಗುಂಡಿಯ ಮೇಲೆ ಬೆರಳಿಟ್ಟಳು, ತೆಗೆದಳು. ಡೀಫಾಲ್ಟನ್ನು ನಂಬಿ ಕೂತ ಆ ಮೀನುಗಾರರು ಕಣ್ಣ ಮುಂದೆ ಬಂದರು, ಸಮುದ್ರದ ಗಾಳಿಗೆ ಹೊಟ್ಟೆ ಒಡ್ಡಿಕೊಂಡು ಬಲೆ ಎಳೆಯುತ್ತಿರುವಂತೆ. ಕೊನೆಗೆ, ಮುಳ್ಳುಹಂದಿ ತನಗೆ ಏನು ಮಾಡಿತ್ತೋ ಅದನ್ನೇ ಅವಳೂ ಮಾಡಿದಳು. ಬರೆದಳು: “ಕೊಡುಗೆಗೆ ಧನ್ಯವಾದ. ಇದಕ್ಕೆ ಪರೀಕ್ಷೆ ಎಲ್ಲಿ? ದಯವಿಟ್ಟು ಹನ್ನೆರಡು ಸಾಲಿನ ಸ್ವೆಟರ್ ಹೆಣೆದು, ಒಂದು ಪೂರ್ತಿ ಕೆಲಸದ ದಿನ ಧರಿಸಿ, ಫಲಿತಾಂಶ ತಿಳಿಸಿ.” ಒತ್ತಿದಳು. ಬಿರುಕಿನ ಕೆಳಗೆ ಭಾವನ ಫೋನು ಟಿಂಗ್ ಎಂದಿತು.

ಭಾವ ಓದಿದರು. ಮೀಸೆಯ ಒಂದು ಬದಿ ಅಲುಗಿತು. ಎದ್ದು, ಹಲಗೆಯಿಂದ ಬೂದುಬಣ್ಣದ ನೂಲು ತೆಗೆದು ಯಂತ್ರದ ಮೇಲೆ ಇಟ್ಟರು. ಸ್ವೆಟರ್ ಹೆಣೆಯಲು ಇಬ್ಬರು ಬೇಕು. ನಾದಿನಿ ಪರದೆಯ ಮುಂದೆ ಬಂದು ಹನ್ನೆರಡು ಎಂದು ತುಂಬಿದಳು. ಇಬ್ಬರೂ ಒಂದಕ್ಷರ ಆಡದೆ ಹೆಣೆದರು. ಅವಳು ಬೆರಳೆತ್ತಿದರೆ ಅವರು ನೂಲು ಬದಲಿಸಿದರು, ಅವರು ತಲೆಯಾಡಿಸಿದರೆ ಅವಳು ನಿಲ್ಲಿಸಿದಳು. ಒಂದು ಕುಣಿಕೆಯೂ ತಪ್ಪಲಿಲ್ಲ. ಅದೇ ಇಬ್ಬರಿಗೂ ಸ್ವಲ್ಪ ಬೇಸರ ತರಿಸಿತು.

ಮರುದಿನ ಭಾವ ಬೂದು ಸ್ವೆಟರ್ ತೊಟ್ಟು ಬಂದರು. ಪರೇಡಿಗೆ ನಿಂತವರ ಹಾಗೆ ಇದ್ದರು. ಸ್ವೆಟರಿನ ಅಂಚು ಇರಬೇಕಾದಲ್ಲೇ ಇತ್ತು. ಉಸಿರು ಎಲ್ಲಿತ್ತೋ ಗೊತ್ತಿಲ್ಲ. ಕೆಲಸ ಶುರುವಾಯಿತು. ಭಾವ ಬಗ್ಗಲಿಲ್ಲ, ನೂಲು ಕೆಳಗೆ ಬಿದ್ದರೆ ಕಾಲಿನಿಂದ ಎತ್ತಿದರು. ಕೂರಲಿಲ್ಲ. ಅಕ್ಕ ಕೊಟ್ಟ ಟೀ ಕುಡಿಯಲಿಲ್ಲ, ಅದಕ್ಕೆ ಒಳಗೆ ಜಾಗವಿರಲಿಲ್ಲ. ಡಿಪೋದ ಮೇಲ್ವಿಚಾರಕ ಬಂದು ಮುಂದಿನ ಸ್ವೆಟರುಗಳು ಯಾವಾಗ ಎಂದು ಕೇಳಿದ. ಭಾವ ಕೆಂಪಗಾಗಿ, ಕಣ್ಣಿನಿಂದಲೇ ಗುರುವಾರ ಎಂದರು. ಅವನು ಏನೋ ಆಪತ್ತಾಗಿದೆ ಎಂದುಕೊಂಡು ನೀರು ತರಲು ಓಡಿದ.

ಅವನು ನೀರು ಹಿಡಿದು ವಾಪಸ್ ಬಂದು ಬಾಗಿಲು ತೆರೆದಾಗ ತಣ್ಣನೆ ಗಾಳಿ ಬಂತು, ನೂಲಿನ ಧೂಳೆದ್ದಿತು. ಭಾವ ಸೀನಿದರು.

ಬೆಳಗಿನಿಂದ ಕೂಡಿಟ್ಟ ಉಸಿರೆಲ್ಲ ಒಮ್ಮೆಗೇ ಹೊರಟುಹೋಯಿತು. ಹಲಗೆಯ ಮೇಲಿದ್ದ ಹಗುರವಾದ ಉಂಡೆಗಳು ಹೊರಳಿದವು. ಹೊಟ್ಟೆ ತನ್ನ ಮನೆಗೆ ವಾಪಸ್ ಬಂತು, ಸ್ವೆಟರಿನ ಮುಂಭಾಗ ಪಕ್ಕೆಲುಬಿನವರೆಗೆ ಏರಿ ಅಲ್ಲಿ ಒಂದು ಮಡಿಕೆಯಾಗಿ ಕೂತಿತು. ಮೇಲ್ವಿಚಾರಕ ನೀರಿನ ಲೋಟವನ್ನು ಹೊಸ್ತಿಲ ಮೇಲಿಟ್ಟು ಹಿಂದಕ್ಕೆ ಸರಿದ. ನಾದಿನಿ ಪರದೆಯನ್ನು ಬಹಳ ಗಮನವಿಟ್ಟು ಓದಿದಳು. ಅದರಲ್ಲಿ ಏನೂ ಬರೆದಿರಲಿಲ್ಲ.

“ರೀ,” ಎಂದಳು ಅಕ್ಕ, ಗುಂಡಿಯಿಂದ ಕಣ್ಣು ತೆಗೆಯದೆ, “ಹೊಟ್ಟೆಗೆ ಗಾಳಿ ಆಡ್ತಿದೆ. ನೆಗಡಿ ಆಗತ್ತೆ.”

ಭಾವ ಸ್ವೆಟರನ್ನು ಕೆಳಗೆ ಎಳೆದರು. ಅದು ಮೇಲೆ ಹೋಯಿತು. ಮತ್ತೆ ಎಳೆದರು. ಆಮೇಲೆ ಎಳೆಯುವುದನ್ನು ಬಿಟ್ಟು, ಬೆಳಗಿನಿಂದ ಮೊದಲ ಬಾರಿಗೆ ಕುರ್ಚಿಯಲ್ಲಿ ಕೂತು, ಆರಿದ ಟೀ ಕುಡಿದರು. ಕುಡಿದು ಫೋನು ತೆಗೆದು ಒಂದೇ ಬೆರಳಿನಲ್ಲಿ ಬಹಳ ಹೊತ್ತು ಬರೆದರು. ನಾದಿನಿಯ ಪರದೆಯ ಮೇಲೆ ಬಂತು:

“ಪರೀಕ್ಷೆಯ ಫಲಿತಾಂಶ. ಬೆಳಿಗ್ಗೆ ಹನ್ನೆರಡು ಸರಿಯಿತ್ತು. ಸೀನು ಬಂತು. ನಂತರ ಸರಿಯಿಲ್ಲ. ಆದ್ದರಿಂದ ತಿದ್ದುಪಡಿಯನ್ನು ಬದಲಿಸಿದ್ದೇನೆ. ಹನ್ನೆರಡೂ ಬೇಡ, ಹದಿನೆಂಟೂ ಬೇಡ, ಡೀಫಾಲ್ಟೇ ಬೇಡ. ಯಾರದೋ ಹೊಟ್ಟೆಯನ್ನು ಲೋಕವೆಲ್ಲ ಹೊತ್ತು ತಿರುಗುವುದೇಕೆ? ಯಂತ್ರ ಮೊದಲು ಕೇಳಲಿ. ಹೊಟ್ಟೆ ಇದ್ದವರು ತಮ್ಮದನ್ನು ತಾವೇ ಅಳೆದುಕೊಂಡು ಹೇಳಲಿ.”

ಕೋಡನ್ನು ಅವಳು ಎರಡು ಸಲ ಓದಿದಳು. ಭಾವ ಯಾವಾಗ ಇಷ್ಟು ಕಲಿತರೋ ತಿಳಿಯಲಿಲ್ಲ. ಎರಡು ಸ್ಪೇಸ್ ಇದ್ದವು, ಅದನ್ನು ಹೇಳದೆ ಬಿಟ್ಟಳು. “ಒಪ್ಪಿಗೆ. ಇದು ನನ್ನದಕ್ಕಿಂತ ಒಳ್ಳೆಯ ದಾರಿ” ಎಂದು ಬರೆದು ಹಸಿರು ಗುಂಡಿ ಒತ್ತಿದಳು. ಟಿಂಗ್ ಎಂದಿತು. ಭಾವ ಓದಿ ಫೋನನ್ನು ಜೇಬಿಗೆ ಹಾಕಿಕೊಂಡು ಸೂಜಿಗಳ ಬಳಿ ಹೋದರು. ಅವಳು ಕಾದಳು. ಏನೂ ಬರಲಿಲ್ಲ. ಕೋಡು ಸರಿಹೋದ ಮಾತ್ರಕ್ಕೆ ಮನುಷ್ಯ ಸರಿಹೋಗಬೇಕೆಂದು ಎಲ್ಲೂ ಬರೆದಿಲ್ಲ ಎಂದುಕೊಂಡು ಸಾಲು ನೋಡತೊಡಗಿದಳು.

ಊಟದ ಹೊತ್ತಿಗೆ ಭಾವನ ಫೋನು ಮತ್ತೆ ಟಿಂಗ್ ಎಂದಿತು. ಭಾವ ಓದಿದರು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದರು. ಆಮೇಲೆ, ಇಡೀ ಕೋಣೆಯನ್ನು ದಾಟಿ ಬಂದು ಫೋನನ್ನು ನಾದಿನಿಯ ಮೂಗಿನ ಮುಂದೆ ಹಿಡಿದರು.

“ಯಾರೇ ಇದು ಮುಳ್ಳುಹಂದಿ?”

ಅಕ್ಕನ ಸೂಜಿ ಗಾಳಿಯಲ್ಲೇ ನಿಂತಿತು.

ನಾದಿನಿ ಓದಿದಳು: “ಕೋಡ್ ಸರಿಯಿದೆ. ಆದರೆ ಬದಲಾವಣೆಯ ವಿವರಣೆಯ ಮೊದಲ ಸಾಲು ಐವತ್ತು ಅಕ್ಷರ ಮೀರಬಾರದು. ನಿಮ್ಮದು ನಾನೂರು ಮೀರಿದೆ. ಚಿಕ್ಕದು ಮಾಡಿದರೆ ಸೇರಿಸುತ್ತೇನೆ.”

“ಅದು ಹಾಗೇ ಭಾವ,” ಎಂದಳು. “ನನಗೂ ಹೀಗೇ ವಾರಗಟ್ಟಲೆ ಪ್ರಾಣ ತಿಂದಿದೆ. ಕಾಣದೇ ಇರೋ ಸ್ಪೇಸ್ ತೆಗಿ ಅಂದಿತ್ತು.”

“ಕಾಣದೇ ಇರೋದು ಅದಕ್ಕೆ ಹ್ಯಾಗೆ ಕಾಣ್ತಂತೆ?”

“ಅದನ್ನೇ ನಾನೂ ಕೇಳ್ಬೇಕು ಅಂತಿದ್ದೆ!”

“ಐವತ್ತಕ್ಷರ! ಐವತ್ತಕ್ಷರದಲ್ಲಿ ಒಬ್ಬ ಮನುಷ್ಯ ತನ್ನ ಮರ್ಯಾದೆ ಉಳಿಸ್ಕೊಳ್ಳೋಕಾಗತ್ತೇನೇ? ಇದಕ್ಕೆ ಮನೆ ಮಠ ಇಲ್ವಾ? ಹೊಟ್ಟೆ ಇಲ್ವಾ?”

“ಇದ್ರೂ ಮೈನಸ್ಸೇ ಇರ್ಬೇಕು ಭಾವ.”

ಭಾವ ಕುರ್ಚಿಯನ್ನು ದರದರ ಎಳೆದು ಅವಳ ಪಕ್ಕಕ್ಕೆ ಹಾಕಿ ಕೂತರು. ಬೂದು ಸ್ವೆಟರ್ ಮೇಲಕ್ಕೆ ಹೋಯಿತು, ಅವರು ಅದರ ಕಡೆ ನೋಡಲಿಲ್ಲ.

“ಬರಿ. ನಾನು ಹೇಳ್ತೀನಿ, ನೀನು ಇಂಗ್ಲಿಷಿಗೆ ತಿರುಗಿಸಿ ಎಣಿಸು. ‘ಗೌರವಾನ್ವಿತ ಭಾವನ ಹೊಟ್ಟೆಯನ್ನು ಇನ್ನು ಮುಂದೆ ಯಾರೂ ಊಹಿಸತಕ್ಕದ್ದಲ್ಲ.’”

ಅವಳು ತಿರುಗಿಸಿ ಎಣಿಸಿದಳು. “ಅರವತ್ತೊಂಬತ್ತು ಬರತ್ತೆ ಭಾವ.”

“‘ಇನ್ನು ಮುಂದೆ’ ತೆಗಿ.”

“ಐವತ್ತೆಂಟು.”

“ಇನ್ನೂ ಎಂಟು ಎಲ್ಲಿಂದ ತರೋದೇ?”

“‘ಗೌರವಾನ್ವಿತ’ ತೆಗೆದ್ರೆ ಸರಿಹೋಗತ್ತೆ.”

“ಅದೊಂದು ಬಿಟ್ಟು,” ಎಂದರು ಭಾವ, “ಬೇರೇನಾದ್ರೂ ತೆಗಿ.”